ಕೊಡಗಟ್ಟಲೆ ನೀರು

ಜೂನ್ ೧೨, ಗುರುವಾರ

ನಮ್ಮನೆ ಸರ್ಕಾರಕ್ಕೆ,

ನೀನೂ ಮಗಳೂ ಕೂಸೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಕೂಸು ಅಳುತ್ತದೆ, ನೀನು "ಆಮೇಲೆ ಮಾಡ್ತೀನಿ" ಎನ್ನುತ್ತೀಯ, ಆ ಆಮೇಲೆ ಬರುವುದೇ ಇಲ್ಲ. ಮಗಳ ಹೆರಿಗೆಗೆಂದು ಮೂರು ತಿಂಗಳಿಗೆ ಹೋದವಳು ನೀನು. ಕೂಸು ಈಗ ಗೋಡೆ ಹಿಡಿದು ನಡೆಯುತ್ತಿದೆಯಂತೆ. ಸಂತೋಷ.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಆಸ್ಪತ್ರೆಯಲ್ಲಿದ್ದೆ, ಈಗ ಮನೆಗೆ ಬಂದಿದ್ದೇನೆ. ನಿನಗೆ ತಿಳಿಸಬಾರದೆಂದು ಪಕ್ಕದಂಗಡಿ ಟೈಲರ್ ಹತ್ತಿರ ನಾನೇ ಆಣೆ ಮಾಡಿಸಿಕೊಂಡಿದ್ದೆ. ಅವನ ಮೇಲೆ ಹರಿಹಾಯಬೇಡ.

ನೀನು ಹೋದ ಮೇಲೆ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಗಿರಾಕಿ ಕೂತು ಹರಟುತ್ತಿದ್ದರೆ "ಹೂಂ" ಎನ್ನಲೂ ಬಾಯಿ ಬರುತ್ತಿರಲಿಲ್ಲ. ಮಾತಾಡದ ಕ್ಷೌರಿಕನನ್ನು ಯಾರಾದರೂ ಕಂಡಿದ್ದಾರೆಯೇ? ಟೈಲರೇ ಡಾಕ್ಟರ ಹತ್ತಿರ ಎಳೆದೊಯ್ದ. ಅವರು ಖಿನ್ನತೆ ಎಂದು ದಿನಕ್ಕೊಂದು ಮಾತ್ರೆ ಕೊಟ್ಟು, ಎರಡು ವಾರಕ್ಕೆ ರಕ್ತ ಪರೀಕ್ಷೆಗೆ ಬನ್ನಿ ಎಂದರು. ಮಾತ್ರೆ ನುಂಗಿದೆ, ಪರೀಕ್ಷೆಗೆ ಹೋಗಲಿಲ್ಲ. ನಿನಗೂ ಹೇಳಲಿಲ್ಲ. ಹೆಂಡತಿ ಊರಲ್ಲಿಲ್ಲವೆಂದು ಮಾತ್ರೆ ನುಂಗುವ ಗಂಡ ಎಂದು ಅಳಿಯ ನಕ್ಕಾನು ಎಂಬ ನಾಚಿಕೆ.

ಫೋನಿಡುವ ಮೊದಲು ನೀನು ಒಂದು ಮಾತು ತಪ್ಪದೆ ಹೇಳುತ್ತಿದ್ದೆ: "ಬಿಪಿ ಇದೆ, ಉಪ್ಪು ಕಡಿಮೆ ಮಾಡಿ. ನೀರು ಚೆನ್ನಾಗಿ ಕುಡೀರಿ." ನನ್ನ ಪಾಲಿಗೆ ಉಳಿದಿದ್ದ ನಿನ್ನ ಮಾತು ಅಷ್ಟೇ. ಚಾಚೂ ತಪ್ಪದೆ ಪಾಲಿಸಿದೆ. ಉಪ್ಪಿನ ಡಬ್ಬಿಯನ್ನೇ ಟೈಲರ್‌ಗೆ ಕೊಟ್ಟುಬಿಟ್ಟೆ. ಒಬ್ಬ ಗಿರಾಕಿ ಎದ್ದರೆ ಒಂದು ಚೊಂಬು ನೀರು. ಕುಡಿಯುವಾಗ ನೀನೇ ಎದುರು ನಿಂತು ಕುಡಿಸಿದ ಹಾಗಿರುತ್ತಿತ್ತು, ಅದಕ್ಕೇ ಇನ್ನೊಂದು ಚೊಂಬು.

ಆಮೇಲೆ ತಲೆನೋವು, ಓಕರಿಕೆ, ನಡೆದರೆ ತೂರಾಟ. ಒಂದು ದಿನ ಹೆಡ್‌ಮೇಷ್ಟ್ರು ಮೀಸೆಯ ತುದಿ ಸರಿಮಾಡಿಸಿಕೊಳ್ಳಲು ಬಂದರೆ, ಅರ್ಧ ಮೀಸೆ ಬೋಳಿಸಿ "ಆಯ್ತು, ಏಳಿ" ಎಂದೆನಂತೆ. ಅಷ್ಟು ವರ್ಷ ಸಾಕಿದ ಮೀಸೆ. ಅವರು ಬೈಯಲಿಲ್ಲ. ನನ್ನ ಮುಖ ನೋಡಿ, "ಇವನಿಗೇನೋ ಆಗಿದೆ, ಬೇಗ ಆಟೋ ತರ್ಸಿ" ಎಂದರಂತೆ. ಆಸ್ಪತ್ರೆಗೂ ಅರ್ಧ ಮೀಸೆಯಲ್ಲೇ ಬಂದರು ಪುಣ್ಯಾತ್ಮರು.

ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಪಾತಾಳಕ್ಕಿಳಿದಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು, "ಈ ಖಿನ್ನತೆಯ ಮಾತ್ರೆಯಿಂದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಮೈಯಲ್ಲಿ ನೀರು ನಿಂತು ಸೋಡಿಯಂ ಇಳಿಯುತ್ತೆ. ಅದರ ಮೇಲೆ ನೀವು ಕೊಡಗಟ್ಟಲೆ ನೀರು ಸುರಿದಿದ್ದೀರಿ. ಇನ್ನೂ ತಡ ಆಗಿದ್ರೆ ಫಿಟ್ಸ್ ಬರಬಹುದಿತ್ತು." ಈಗ ಬೇರೆ ಮಾತ್ರೆ, ಅಳತೆಯ ನೀರು, ಆಗಾಗ ರಕ್ತ ಪರೀಕ್ಷೆ. ಯಾವ ಮಾತ್ರೆಯನ್ನೂ ನಾನಾಗಿಯೇ ನಿಲ್ಲಿಸುವಂತಿಲ್ಲ. ನಿನ್ನ ಮಾತಿನಿಂದ ಹೀಗಾಯಿತೆಂದು ಕೊರಗಬೇಡ, ಮಾತ್ರೆಯ ವಿಷಯ ಮುಚ್ಚಿಟ್ಟವನು ನಾನು.

ನಾನು ಮನೆಗೆ ಬಂದ ಮೇಲೆ ಮೇಷ್ಟ್ರು ಉಳಿದರ್ಧ ಮೀಸೆಯನ್ನೂ ನನ್ನ ಕೈಯಲ್ಲೇ ತೆಗೆಸಿಕೊಂಡರು. ಅವರ ಹೆಂಡತಿ ಬಾಗಿಲು ತೆಗೆದು, "ಯಾರು ಬೇಕಾಗಿತ್ತು?" ಎಂದು ಕೇಳಿದರಂತೆ.

ಮಗಳಿಗೂ ಅಳಿಯನಿಗೂ ಒಳ್ಳೆಯದಾಗಲಿ. ಕೂಸು ಬೀಳದೆ ನಡೆಯಲಿ, ಬಿದ್ದರೂ ನಗುತ್ತ ಏಳಲಿ.

ನಿನ್ನವನು

ತಾ.ಕ.: ಮಗಳು ಮೊನ್ನೆ, "ಅಮ್ಮ ಇಲ್ಲೇ ಇದ್ದುಬಿಡ್ಲಿ ಅಪ್ಪ, ಅವಳಿಗೂ ಅದೇ ಇಷ್ಟ" ಎಂದಳು. ನಿಜವೇನೇ? ಆಸ್ಪತ್ರೆಯಲ್ಲಿ ಬುದ್ಧಿ ನೆಟ್ಟಗಿಲ್ಲದ ಎರಡು ದಿನ ನೀನು ನನ್ನ ಜೊತೆಗೇ ಇದ್ದೆ. "ಇವಳು ಆಗಿಂದ ನಿಂತೇ ಇದ್ದಾಳೆ, ಒಂದು ಕುರ್ಚಿ ಕೊಡಮ್ಮ" ಎಂದೆನಂತೆ; ನರ್ಸಮ್ಮ ತಂದಿಟ್ಟರು. ನೀನು ಕೂತೆ, ನಾವು ಎಷ್ಟೊಂದು ಮಾತಾಡಿದೆವು. ರಕ್ತ ಸರಿಹೋದ ಬೆಳಗ್ಗೆ ಕಣ್ಣು ಬಿಟ್ಟರೆ ನೀನಿಲ್ಲ. ಹುಷಾರಾದೆನೆಂದು ಎಲ್ಲರೂ ಖುಷಿಪಟ್ಟರು, ನಾನು ಗೋಡೆ ಕಡೆ ತಿರುಗಿ ಅತ್ತೆ. ನರ್ಸಮ್ಮ ಕುರ್ಚಿ ತೆಗೆಯಲು ಬಂದರು. "ಇವತ್ತೊಂದಿನ ಇರ್ಲಿ ಬಿಡಮ್ಮ" ಎಂದೆ.