ಕರಿಯ ಡಿಸ್ಕಿನಲ್ಲಿದ್ದದ್ದು

ಹೊಂಗಡಹಳ್ಳ
ಮಾರ್ಚ್ ೬, ಗುರುವಾರ

ತಮ್ಮ ಶ್ರೀನಾಥನಿಗೆ,

ಅಕ್ಕನ ಆಶೀರ್ವಾದಗಳು. ಇದಾದ ಮೇಲೆ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯುವುದು ರೂಢಿ, ಈ ಸಲ ಕೈ ಬರುತ್ತಿಲ್ಲ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ. ಅಕ್ಷರ ಸೊಟ್ಟಗಿದ್ದರೆ ಕಾರಣ ನಿನಗೆ ಗೊತ್ತು. ನೀನು ಫೋನ್ ಎತ್ತುತ್ತಿಲ್ಲ. ಆಲೂರಿನಲ್ಲಿ ನಿನ್ನ ಮಾವನ ಮನೆಯಲ್ಲಿದ್ದೀಯೆಂದು ಕೇಳಿ ಇದನ್ನು ತೋಟದ ರೈಟರ್ ಸೋಮಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಮೇಲೆ ಕೈ ಮಾಡಬೇಡ. ನೀನು ಮೊನ್ನೆ ತಳ್ಳಿದ್ದರಿಂದ ಅವನು ಇನ್ನೂ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದಾನೆ.

ಮಂಗಳವಾರ ನೀನು ಕಿತ್ತು ಎಸೆದದ್ದನ್ನೆಲ್ಲ ನಾನು ಹೇಗೆ ಜೋಡಿಸಿದ್ದೆ ಎಂದು ಮೊದಲು ಹೇಳುತ್ತೇನೆ.

ಆಫೀಸಿನ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ ನೀನು ಎಷ್ಟು ಹಗುರಾದೆ ಎಂಬುದು ನೆನಪಿದೆ. “ಒಳ್ಳೇದಾಯ್ತು ಬಿಡಕ್ಕ, ಪೀಡೆ ತೊಲಗ್ತು. ಕಣದ ಕ್ಯಾಮೆರಾದ್ದೂ ಅದರ ಜೊತೇಲೇ ಹೋಯ್ತು” ಎಂದೆ. ನಮ್ಮ ತೋಟದ ಆಳು ಧರ್ಮ ಆಗ ಹಾಸನದ ಆಸ್ಪತ್ರೆಯಲ್ಲಿದ್ದ. ಅವನು ಕಾಫಿ ಕದ್ದ, ಓಡುವಾಗ ಕಣದ ಕಟ್ಟೆಯಿಂದ ಬಿದ್ದು ಕಣ್ಣು ಕಳೆದುಕೊಂಡ ಎಂದು ನೀನು ಸ್ಟೇಷನ್ನಿನಲ್ಲಿ ದೂರು ಕೊಟ್ಟಾಗಿತ್ತು. ಅವನಿಗೆ ಪೆಟ್ಟಾದ ದಿನ ತಾಲ್ಲೂಕು ಆಫೀಸಿನ ಕೆಲಸಕ್ಕೆ ಹೋಗಿದ್ದ ನಾನು ನಿನ್ನ ಮಾತನ್ನು ನಂಬಿದ್ದೆ. ನಂಬಲು ಇಷ್ಟವಿತ್ತು.

ಬಾಳ್ಳುಪೇಟೆಯ ಶಾಂತಮಲ್ಲಪ್ಪನ ಅಂಗಡಿಯಿಂದ ಹೊಸದು ತಂದೆ. ಒಂದು ಅಂಗೈ ಮೇಲೆ ಇಡಬಹುದಾದಷ್ಟು ಪುಟ್ಟದು. ಸೋಮಯ್ಯ ಅದನ್ನು ತಿರುಗಿಸಿ ನೋಡಿ, “ಏನಕ್ಕಾವ್ರೇ, ಕಂಪ್ಯೂಟ್ರು ತರಾಕೆ ಹೋಗಿ ಅದರ ಮರಿ ಹಿಡ್ಕಂಡು ಬಂದವ್ರೆ! ತಾಯಿ ಹುಡುಕ್ಕೊಂಡು ಬಂದೀತು” ಎಂದು ನಕ್ಕಿದ್ದ. ಆ ಆಫೀಸಿನಲ್ಲಿ ಯಾರಾದರೂ ನಕ್ಕದ್ದು ಅದೇ ಕೊನೆ.

ಹಳೆಯ ಮಾನಿಟರಿನ ನೀಲಿ ತಲೆಯ ವೈರು ಇದಕ್ಕೆ ಕೂರಲಿಲ್ಲ. ನಡುವೆ ಒಂದು ಕನ್ವರ್ಟರ್ ಹಾಕಿದೆ. ಕೀಬೋರ್ಡು, ಮೌಸು, ಪ್ರಿಂಟರಿಗೆ ಜಾಗ ಸಾಲದೆ ಒಂದೇ ತೂತಿಗೆ ನಾಲ್ಕು ವೈರು ಹಿಡಿಸುವ ಹಬ್ ಸಿಕ್ಕಿಸಿದೆ. ಸುಟ್ಟ ಕಂಪ್ಯೂಟರಿನ ಒಳಗಿದ್ದ ಡಿಸ್ಕು ಸುಟ್ಟಿರಲಿಲ್ಲ ಶ್ರೀನಾಥ. ಶಾಂತಮಲ್ಲಪ್ಪ ಅದನ್ನು ಬಿಚ್ಚಿ ಒಂದು ಕರಿಯ ಡಬ್ಬಿಯೊಳಗೆ ಕೂರಿಸಿಕೊಟ್ಟಿದ್ದ. ಅದನ್ನೂ ಹಬ್ಬಿಗೇ ಚುಚ್ಚಿದಾಗ ಕಟಕಟ ಎಂದು ಹಲ್ಲು ಕಡಿಯಿತು, ತೆರೆಯಲಿಲ್ಲ. ಅವನಿಗೆ ಫೋನ್ ಮಾಡಿದರೆ, “ಅದರ ಹೊಟ್ಟೆಗೆ ಕರೆಂಟು ಸಾಲ್ತಿಲ್ಲ ಕಣಮ್ಮ. ಎಲ್ಲಾರ ಜೊತೆ ಪಂಕ್ತೀಲಿ ಕೂರಿಸಿದ್ರೆ ಎಂಗೆ? ಹಿಂದ್ಗಡೆ ನೇರ ಚುಚ್ಚಿ” ಎಂದ. ಚುಚ್ಚಿದೆ. ತೆರೆಯಿತು.

ಹೊಸದರ ಒಳಗಿನ ಜಾಗ ಕಡಿಮೆ, ಆದರೆ ಬಲು ಚುರುಕು. ಆದ್ದರಿಂದ ತೋಟದ ಕೆಲಸದ್ದೆಲ್ಲ ಒಳಗೆ, ಮನೆಯ ಫೋಟೋ ವೀಡಿಯೋಗಳೆಲ್ಲ ಹೊರಗೆ, ಕರಿಯ ಡಿಸ್ಕಿನಲ್ಲೇ ಇರಲಿ ಎಂದು ವಿಂಗಡಿಸುತ್ತ ಕೂತೆ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿತ್ತು. ಕಣದ ಕ್ಯಾಮೆರಾದ ಫೋಲ್ಡರ್ ಎದುರಾಯಿತು. ನೋಡದೆ ಅಳಿಸಬಹುದಿತ್ತು. ನೋಡಿದೆ.

ಅದರಲ್ಲಿ ಶಬ್ದವಿಲ್ಲ. ಧರ್ಮ ಕಣದ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಚೀಲ ತುಂಬುತ್ತಿದ್ದಾನೆ. ನೀನು ಗೇಟಿನಿಂದ ಬರುತ್ತೀಯ. ಅವನು ಎದ್ದು ತಲೆಯ ಟವೆಲ್ ತೆಗೆದು ಏನೋ ಹೇಳುತ್ತಾನೆ, ಆಫೀಸಿನ ಕಡೆ ಕೈ ತೋರಿಸುತ್ತಾನೆ. ಆ ಕೈಯ ಮೇಲೆ ಮೊದಲ ಏಟು. ಕಾಫಿ ಹರವುವ ಹಲಗೆಯ ಉದ್ದನೆಯ ಹಿಡಿ ನಿನ್ನ ಕೈಯಲ್ಲಿದೆ. ಅವನು ಬೀಳುತ್ತಾನೆ. ಬಿದ್ದವನ ಬೆನ್ನ ಮೇಲೆ, ಪಕ್ಕೆಯ ಮೇಲೆ, ತಲೆಗೆ ಅಡ್ಡ ಹಿಡಿದ ಮೊಣಕೈ ಮೇಲೆ. ಹಿಡಿ ಮುರಿಯುತ್ತದೆ. ಮುರಿದಾಗ ನೀನು ನಿಲ್ಲುತ್ತೀಯ ಎಂದು ಉಸಿರು ಬಿಟ್ಟೆ. ನೀನು ಮುರಿದ ತುದಿಯನ್ನು ಕೆಳಗೆ ಮಾಡಿ ಹಿಡಿದೆ. ಆಮೇಲಿನದನ್ನು ಬರೆಯಲಾರೆ, ಮಾಡಿದವನು ನೀನು. ಕಟ್ಟೆ ಆ ಚಿತ್ರದಲ್ಲೇ ಇದೆ, ಅವನಿಂದ ಬಹಳ ದೂರದಲ್ಲಿ. ಅವನು ಅದರ ಹತ್ತಿರವೂ ಹೋಗಿಲ್ಲ. ಸಿಮೆಂಟಿನ ಮೇಲೆ ಹರವಿದ್ದ ಕಾಫಿಯೊಳಗೆ ಮುಖ ಹುದುಗಿ ಬಿದ್ದಿದ್ದಾನೆ. ನೀನು ನಿನ್ನ ಚಪ್ಪಲಿಗೆ ಅಂಟಿದ ಬೀಜಗಳನ್ನು ಕಟ್ಟೆಗೆ ಉಜ್ಜಿ ತೆಗೆಯುತ್ತೀಯ. ಪದ್ಯಗಳಲ್ಲಿ ರಕ್ತವನ್ನು ಹೂವಿಗೆ ಹೋಲಿಸಿದ್ದನ್ನು ಎಷ್ಟೋ ಸಲ ಮೆಚ್ಚಿ ಓದಿದ್ದೇನೆ. ಅದು ಯಾವ ಹೂವಿನಂತೆಯೂ ಇರಲಿಲ್ಲ.

ಸೋಮಯ್ಯನನ್ನು ಕರೆದು ಧರ್ಮ ಏನು ಹೇಳಿದನೆಂದು ಕೇಳಿದೆ. ಸ್ಟೋರಿನ ಬಾಗಿಲಲ್ಲಿದ್ದ ಅವನಿಗೆ ಕೇಳಿಸಿತ್ತಂತೆ. “‘ಇದು ಉದುರು ಸ್ವಾಮಿ, ಅಕ್ಕಾವ್ರು ಒಣಗಿಸ್ಕೋ ಅಂದವ್ರೆ’ ಅಂದ. ಚಿಕ್ಕೆಜಮಾನ್ರು, ‘ನನ್ ಕಣದಲ್ಲಿ ನಿಂದೇನ್ಲಾ ಕಾಫಿ’ ಅಂದ್ರು. ಅಷ್ಟೇ.”

ಕೊನೆಯ ಕೊಯ್ಲಾದ ಮೇಲೆ ಗಿಡದ ಬುಡದಲ್ಲಿ ಬಿದ್ದ ಉದುರು ಕೂಲಿ ಲೈನಿನವರದು. ಅವ್ವ ಇದ್ದಾಗಿನಿಂದ ಹಾಗೇ. ಲೈನಿನ ಅಂಗಳದಲ್ಲಿ ಬಿಸಿಲು ಬೀಳುವುದಿಲ್ಲವೆಂದು ಈ ವರ್ಷ ನಮ್ಮ ಕಣದ ಮೂಲೆಯಲ್ಲೇ ಒಣಗಿಸಿಕೊಳ್ಳಲು ಹೇಳಿದವಳು ನಾನು. ನೀನು ಅವನದೇ ಕಾಫಿಯನ್ನು ನಮ್ಮದೆಂದು ತಿಳಿದೆ. ತಿಳಿದದ್ದು ತಪ್ಪೆಂದು ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲು ನಿನಗೆ ಪುರುಸೊತ್ತು ಇರಲಿಲ್ಲ.

ವೀಡಿಯೋ ನೋಡಿದೆ, ನೀನಾಗಿಯೇ ಹೋಗಿ ಕಳ್ಳತನದ ದೂರು ವಾಪಸ್ ತಗೋ, ನಡೆದದ್ದನ್ನು ಹೇಳು ಎಂದು ಫೋನಿನಲ್ಲಿ ಬೇಡಿದೆ. ನೀನು, “ಅದನ್ನ ಅಳಿಸ್ಬುಡು ಅಕ್ಕ. ಕೂಲಿಯೋನಿಗೋಸ್ಕರ ಒಡಹುಟ್ಟಿದೋನ್ನ ಜೈಲಿಗೆ ಕಳಿಸ್ತೀಯಾ?” ಎಂದೆ. ಅದೇ ಬೆಳಿಗ್ಗೆ ಧರ್ಮನ ತಾಯಿ ಮಾರಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತು ಕೇಳಿದ್ದಳು: “ಕಣ್ಣು ಹೋಗಿದ್ದು ಹೋಯ್ತು ಅಕ್ಕಾವ್ರೆ. ಕಳ್ಳನ ತಾಯಿ ಅಂತಾರಲ್ಲ ನನ್ನ, ಅದುಕ್ಕೆ ಯಾವ್ ಆಸ್ಪತ್ರೆಗೋಗ್ಲಿ?” ನಾನು ಅಳಿಸಲಿಲ್ಲ.

ಮಂಗಳವಾರ ನೀನು ಬಾಗಿಲು ಒದ್ದು ಒಳಗೆ ಬಂದೆ. ಅಡ್ಡ ನಿಂತ ಸೋಮಯ್ಯನನ್ನು ಕಪಾಟಿಗೆ ಬಡಿಯುವಂತೆ ತಳ್ಳಿದೆ. ನನ್ನ ತುರುಬಿಗೆ ಕೈ ಹಾಕಿ ಮುಖವನ್ನು ಮೇಜಿಗೆ ಒತ್ತಿದೆ. ಬಳೆ ಒಡೆದು ಮಣಿಕಟ್ಟಿಗೆ ಇಳಿಯಿತು. “ಎಲ್ಲೈತೆ ಹೇಳು. ಯಾವುದ್ರಲ್ಲೈತೆ?” ಎಂದು ಕೂಗಿದೆ. ನಾನು ಬಾಯಿ ಬಿಡಲಿಲ್ಲ. ನೀನು ಕೀಬೋರ್ಡನ್ನು ಮೊಣಕಾಲಿಗೆ ಬಡಿದು ಮುರಿದೆ, ಪ್ರಿಂಟರನ್ನು ಕಿಟಕಿಗೆ ಎಸೆದೆ, ಕರಿಯ ಡಿಸ್ಕನ್ನು ವೈರಿನ ಸಮೇತ ಕಿತ್ತುಕೊಂಡೆ. ಹೊಸ ಕಂಪ್ಯೂಟರನ್ನೂ ಎತ್ತಿದೆ. ಅಂಗೈಯಲ್ಲಿ ತೂಗಿ ನೋಡಿ, “ಇದ್ರಲ್ಲಿ ಏನ್ ಹಿಡಿಸುತ್ತೆ? ಇಟ್ಕೋ, ನಿನ್ನ ಪದ್ಯ ತುಂಬಿಸ್ಕೋ” ಎಂದು ಮೇಜಿನ ಮೇಲೆ ಕುಕ್ಕಿದೆ.

ಡಿಸ್ಕನ್ನು ನೀನು ಕಣಕ್ಕೆ ಒಯ್ದು, ಧರ್ಮ ಬಿದ್ದಿದ್ದ ಆ ಸಿಮೆಂಟಿನ ಮೇಲೆಯೇ ಇಟ್ಟು, ಗುದ್ದಲಿಯ ಹಿಂಬದಿಯಿಂದ ಜಜ್ಜಿದೆ. ಒಳಗಿನ ಬಿಲ್ಲೆ ಕನ್ನಡಿಯಂತೆ ಹೊಳೆದು ಡೊಂಕಾಯಿತು. ನಾನು ನಿನ್ನ ಹಿಂದೆಯೇ ಬಂದು ನಿಂತಿದ್ದೆ. ಜಜ್ಜುವಾಗ ನಿನ್ನ ಮುಖ ವೀಡಿಯೋದಲ್ಲಿದ್ದ ಹಾಗೇ ಇತ್ತು. ಆ ಕ್ಷಣದಲ್ಲಿ ನನ್ನ ಕೈಗೆ ಗಿಡ ಸವರುವ ಕಸಿ ಕತ್ತಿ ಸಿಕ್ಕಿದ್ದರೆ ನಿನ್ನ ಕತ್ತಿನ ಮೇಲೆ ಬೀಸುತ್ತಿದ್ದೆ. ಉತ್ಪ್ರೇಕ್ಷೆಯಲ್ಲ ಶ್ರೀನಾಥ. ಎಲ್ಲಿ ಬೀಸಬೇಕೆಂದು ಕಣ್ಣಿನಲ್ಲಿ ಗುರುತು ಕೂಡ ಮಾಡಿಕೊಂಡಿದ್ದೆ. ನಮ್ಮಿಬ್ಬರಿಗೂ ಹಾಲು ಕುಡಿಸಿದ್ದು ಒಬ್ಬಳೇ ತಾಯಿ.

ಈಗ ಕೇಳು. ಕಣದ ವೀಡಿಯೋ ಕರಿಯ ಡಿಸ್ಕಿನಿಂದ ಓಡುವಾಗ ಅಲ್ಲಲ್ಲಿ ನಿಲ್ಲುತ್ತಿತ್ತು. ಧರ್ಮನ ಮೇಲೆ ಎತ್ತಿದ ಕೈ ಎತ್ತಿದಂತೆಯೇ ತೆರೆಯ ಮೇಲೆ ಉಳಿದುಬಿಡುತ್ತಿತ್ತು. ಸಹಿಸಲಾರದೆ ಅದನ್ನು ಮೊದಲ ದಿನವೇ ಪುಟ್ಟ ಕಂಪ್ಯೂಟರಿನ ಒಳಗೆ ನಕಲು ಮಾಡಿಕೊಂಡಿದ್ದೆ. ನೀನು ಅಂಗೈಯಲ್ಲಿ ತೂಗಿದ್ದು ಅದನ್ನೇ. ಅದು ನೆಗ್ಗಿದೆ, ಕೆಟ್ಟಿಲ್ಲ. ಸೋಮಯ್ಯ ಅವನ ಮನೆಯಿಂದ ಒಂದು ಕೀಬೋರ್ಡು ತಂದುಕೊಟ್ಟ.

ನಿನ್ನೆ ಬೆಳಿಗ್ಗೆ ವೀಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕೊಟ್ಟೆ. ಉದುರು ಒಣಗಿಸಿಕೊಳ್ಳಲು ಹೇಳಿದವಳು ನಾನೇ ಎಂದು ಹೇಳಿಕೆಯನ್ನೂ ಬರೆದುಕೊಟ್ಟೆ. ವಾಪಸ್ ಬರುವಾಗ ಲೈನಿನ ಮುಂದೆ ಗಾಡಿ ನಿಲ್ಲಿಸಿ, ಧರ್ಮ ಕಳ್ಳನಲ್ಲ ಎಂದು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಮಾರಮ್ಮ ಕೈ ಮುಗಿಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೂ ಸರಿಯೇ.

ಪೊಲೀಸರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಷ್ಟರೊಳಗೆ ನೀನಾಗಿಯೇ ಹೋಗು. ಇದನ್ನು ಅಕ್ಕನಾಗಿ ಹೇಳುತ್ತಿದ್ದೇನೆ. ಓಡಿದರೆ ಮಾತ್ರ ನಾನು ನಿನ್ನ ಅಕ್ಕನಲ್ಲ.

ನಿನ್ನ ಅಕ್ಕ,
ನೇತ್ರಾವತಿ

ಮರುಬರಹ: ನಾನು ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಅದು ನಿಜ. ಆದರೆ ನೀನು ‘ಯಾವುದ್ರಲ್ಲೈತೆ’ ಎಂದು ಕೂಗಿದಾಗ ನಾನು ಕರಿಯ ಡಿಸ್ಕಿನ ಕಡೆ ನೋಡಿದೆ, ಬೇಕೆಂದೇ ನೋಡಿದೆ. ನೀನು ನನ್ನ ಕಣ್ಣನ್ನು ಗಮನಿಸುತ್ತೀಯೆಂದು ಗೊತ್ತಿತ್ತು, ಚಿಕ್ಕಂದಿನಲ್ಲಿ ನಾನು ಬಚ್ಚಿಟ್ಟ ಬೆಲ್ಲವನ್ನು ನೀನು ಪತ್ತೆ ಹಚ್ಚುತ್ತಿದ್ದದ್ದೇ ಹಾಗೆ. ಆ ಡಿಸ್ಕಿನಲ್ಲಿ ಅವ್ವನ ಫೋಟೋಗಳೆಲ್ಲ ಇದ್ದವು. ನಿನ್ನ ಮಗಳನ್ನು ತೊಟ್ಟಿಲಿಗೆ ಹಾಕುವಾಗ ಅವ್ವ ಜೋಗುಳ ಹೇಳಿದ ವೀಡಿಯೋ ಇತ್ತು, ಅವಳ ದನಿ ಇದ್ದದ್ದು ಅದೊಂದರಲ್ಲೇ. ಬೇರೆಲ್ಲೂ ನಕಲು ಮಾಡಿಟ್ಟಿರಲಿಲ್ಲ. ಗೊತ್ತಿದ್ದೂ ನೋಡಿದೆ.