ಚಿಟ್ಟೆಗೆ ಮೂರು ಸರಿ ಗುರುತು

ಹೌನ್ಸ್ಲೋ
೧೪ ನವೆಂಬರ್ ೨೦೨೪

ರಜತ್,

ಇಷ್ಟನ್ನೆಲ್ಲ ವಾಟ್ಸ್ಯಾಪ್‌ನಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಕಾಗದ. ನಮ್ಮ ಪ್ರೇಕ್ಷಾಳ ಮಾತನ್ನು ಯಾರಾದರೂ ಪರೀಕ್ಷಿಸಲಿ ಎಂದು ನೀನು ಬೇರೆಯಾಗಿ ಸ್ಟ್ರಾಟ್‌ಫರ್ಡಿಗೆ ಹೋಗುವ ಮೊದಲಿನಿಂದಲೂ ಹೇಳುತ್ತಿದ್ದೀಯ. ಮಕ್ಕಳ ಮಾತಿನ ಚಿಕಿತ್ಸೆಯೇ ನನ್ನ ಕೆಲಸ, ನನಗೇ ಪಾಠ ಹೇಳಬೇಡ ಎಂದು ನಿನ್ನ ಬಾಯಿ ಮುಚ್ಚಿಸಿದೆ. ಅವಳಿಗೆ ನಾಲ್ಕು ತುಂಬಿತು. ನೀನು ಕಳಿಸಿದ ಪರೀಕ್ಷೆಯ ಫಾರ್ಮು ಬೇಸಿಗೆಯಿಂದ ಫ್ರಿಜ್ಜಿನ ಮೇಲೆಯೇ ಬಿದ್ದಿತ್ತು.

ಮಂಗಳವಾರ ಕ್ಲಿನಿಕ್ಕಿನಲ್ಲಿ ನನ್ನದೊಂದು ತಪ್ಪು ಹೊರಬಿತ್ತು. ಹಾಂಗ್‌ಕಾಂಗಿನಿಂದ ಬಂದ ಐದು ವರ್ಷದ ಹುಡುಗಿ, ಹೆಸರು ಬರೆಯುವಂತಿಲ್ಲ. ಮನೆಮಾತು ಕ್ಯಾಂಟನೀಸ್. ಮಾರ್ಚ್‌ನಲ್ಲಿ ಅವಳನ್ನು ಪರೀಕ್ಷಿಸಿದವಳು ನಾನೇ. ಒಂದೇ ಚಿತ್ರ ತೋರಿಸಿ ಮೂರು ಸಲ ಹೇಳಿಸುತ್ತೇವೆ. ಪ್ರತಿ ಸಲ ಬೇರೆ ಬೇರೆಯಾಗಿ ಬಂದರೆ, ಮಾತಿಗೆ ಬಾಯಿಯನ್ನು ಹೊಂದಿಸುವುದರಲ್ಲೇ ತೊಡಕಿದೆ ಎಂಬ ಅನುಮಾನ. ಅವತ್ತು ದುಭಾಷಿ ಬರಲಿಲ್ಲ. ಇನ್ನೊಂದು ದಿನ ಕರೆಯಬೇಕಿತ್ತು; ನಾನು ತಾಯಿಯನ್ನೇ ಕೂರಿಸಿಕೊಂಡೆ. ಚಿಟ್ಟೆಯ ಚಿತ್ರ ನೋಡಿ ಮಗು ಮೂರು ಸಲ ಏನೋ ಅಂದಿತು, ತಾಯಿ ಮೂರು ಸಲವೂ ಚಿಟ್ಟೆ ಎಂದರು. ಮೂರು ಸರಿ ಗುರುತು ಹಾಕಿ, ತೊಂದರೆಯಿಲ್ಲ ಎಂದು ಬರೆದು ಕಳಿಸಿದೆ.

ಕ್ಯಾಂಟನೀಸ್ ಬಲ್ಲ ಹೊಸ ಸಹೋದ್ಯೋಗಿ ಆ ರೆಕಾರ್ಡಿಂಗ್ ಕೇಳಿ, ಮೂರೂ ಬೇರೆ, ಒಂದೂ ಚಿಟ್ಟೆಯಲ್ಲ ಎಂದಳು. ಮಗುವಿನ ಎಂಟು ತಿಂಗಳು ಹಾಳಾಯಿತು. ಈಗ ಶಾಲೆಯಲ್ಲಿ ಅದು ಬಾಯೇ ಬಿಡುವುದಿಲ್ಲವಂತೆ. ತಾಯಿ ಸುಳ್ಳು ಹೇಳಿರಲಿಲ್ಲ. ಮಗು ಹೇಳಲು ಹೊರಟಿದ್ದನ್ನು ತಾವು ಹೇಳಿದ್ದರು, ಅಷ್ಟೇ. ವಿಷಯ ತಿಳಿಸಿದಾಗ, ತಮ್ಮಿಂದ ತಪ್ಪಾಯಿತೇ ಎಂದು ಕೇಳಿದರು. ಅಲ್ಲ, ನನ್ನಿಂದ ಎಂದೆ.

ಅಳು ಬರಲಿಲ್ಲ. ಬಸ್ಸಿನಲ್ಲಿ ನಮ್ಮ ಸ್ಟಾಪ್ ದಾಟಿದ್ದು ತಿಳಿಯದೆ ಎಲ್ಲೋ ಇಳಿದು ನಡೆದುಕೊಂಡು ಬಂದೆ. ಅನ್ನ ಮಾಡಿದೆ, ಪ್ರೇಕ್ಷಾಳಿಗೆ ತಿನ್ನಿಸಿದೆ. ಎರಡು ದಿನದಿಂದ ಎದೆಯೊಳಗೆ ಏನೂ ಅಲುಗುತ್ತಿಲ್ಲ.

ಫಾರ್ಮಿಗೆ ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಪರೀಕ್ಷೆಯ ದಿನ ನೀನೇ ಅವಳನ್ನು ಕರೆದುಕೊಂಡು ಹೋಗು. ನಾನು ಬಂದರೆ ನಡುವೆ ಬಾಯಿ ಹಾಕದೆ ಇರಲಾರೆ.

ಅಪೂರ್ವಾ

ವಿ.ಸೂ.: ಸಂಜೆಯ ವಿಡಿಯೋ ಕಾಲಿನಲ್ಲಿ ಅವಳು ಏನಂದಳು ಎಂದು ನೀನು ಕೇಳಿದಾಗಲೆಲ್ಲ, ಅಪ್ಪ ಮನೆಗೆ ಬಾ ಅಂತಿದ್ದಾಳೆ ಎಂದು ಹೇಳುತ್ತಿದ್ದೆನಲ್ಲ. ಅವಳು ಏನಂದಳೋ ನನಗೆ ಒಂದು ಸಲವೂ ತಿಳಿದಿಲ್ಲ. ಆ ಮಾತು ನನ್ನದು.