ರೇಡಿಯೋದೊಳಗಿನ ಬಡಗಿಗಳು

ಮನೆಯಿಂದ,
ತಾರೀಖು ೧೪, ಶನಿವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಸೊಸೆಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು ದಿನ ದೂಡುತ್ತಿದ್ದೀಯೋ? ಕೃತಕ ಕಾಲು ಮಾಡುವುದನ್ನು ಕಲಿಯಲು ಹೋದವಳು ನಿನ್ನ ಸ್ವಂತ ಕಾಲಿನ ಮೇಲೆ ನಿಲ್ಲುವಷ್ಟಾದರೂ ತಿನ್ನಬೇಕಲ್ಲ. ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂದಿದ್ದೆ. ರಟ್ಟು ಮಡಚಿ ಸಂದಿಗೆ ಸಿಕ್ಕಿಸು, ಮೊಳೆ ಹೊಡೆಯಬೇಡ, ಚೌಕಟ್ಟು ಸೀಳುತ್ತದೆ. ನನ್ನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ಊಟಕ್ಕೆ ಮಾತ್ರ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಕೂರುತ್ತಿದ್ದ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನಿನ್ನ ಕಾಗದದಲ್ಲಿ ಇರುವೆಗಳು ಹೇಗಿವೆ ಅಂತ ನಾಲ್ಕು ಸಲ ಕೇಳಿದ್ದೀಯ, ಗಂಡ ಹೇಗಿದ್ದಾನೆ ಅಂತ ಒಂದು ಸಲ. ಇರುವೆಗಳು ಚೆನ್ನಾಗಿವೆ. ರಾಣಿ ಸುಖವಾಗಿದ್ದಾಳೆ. ಈ ಎರಡು ಮಾತನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಮುಂದಿನದನ್ನು ಓದುವಾಗ ನೀನು ಎದೆ ಹಿಡಿದುಕೊಳ್ಳಬಾರದು.

ನಿನಗೇ ಗೊತ್ತು, ನಾನು ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಮರ ಕೊರೆಯುವ ಯಾವ ಹುಳುವಿನ ಹೆಸರೆತ್ತಿದರೂ ನನಗೆ ಮೈ ಉರಿಯುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನೀನು ಒಂದು ಗಾಜಿನ ಕೊಳವೆ ತಂದು, “ಮಾವ, ಇದು ಬಡಗಿ ಇರುವೆಯ ರಾಣಿ. ಮರದೊಳಗೆ ಮನೆ ಮಾಡುತ್ತೆ” ಅಂತ ಬಹಳ ಖುಷಿಯಿಂದ ತೋರಿಸಿದ್ದೆ. “ಈ ಮನೆಗೆ ಒಬ್ಬ ಬಡಗಿ ಸಾಕು” ಅಂದೆ ನಾನು. ನೀನು ನಗಲಿಲ್ಲ. “ಇವು ಮರ ತಿನ್ನಲ್ಲ ಮಾವ, ಬರೀ ಕೊರೆದು ಹೊಟ್ಟು ಆಚೆ ಹಾಕ್ತವೆ” ಅಂದೆ. ಅದನ್ನು ಸಮಾಧಾನದ ಮಾತು ಅಂದುಕೊಂಡಿದ್ದೆ ನೀನು! ತಿನ್ನುವುದಾದರೆ ಪಾಪ, ಹಸಿವು ಅನ್ನಬಹುದಿತ್ತು. ಇವು ಬೇಕಂತಲೇ ಮಾಡುತ್ತವೆ ಅಂತ ತೀರ್ಮಾನಿಸಿ, ಎರಡು ವರ್ಷ ನಾನು ನೀನು ಅವನ್ನು ಸಾಕಿದ ಮೂಲೆಯ ಕಡೆ ತಲೆ ಹಾಕಲಿಲ್ಲ.

ಆದರೆ ಹಾಸ್ಟೆಲಿಗೆ ಹೊರಟ ದಿನ ನೀನು ಹನ್ನೊಂದು ಸೂಚನೆ ಬರೆದ ಚೀಟಿಯನ್ನು ಗಂಡನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟೆ. ಅವನು ಕೊಳವೆಯನ್ನು ಇಕ್ಕಳದಲ್ಲಿ ಹಿಡಿಯುವ ಆಸಾಮಿ ಅಂತ ನಿನಗೆ ಗೊತ್ತಿತ್ತು. ಮೊದಲ ವಾರ ಕರ್ತವ್ಯ ಅಂತ ಮಾಡಿದೆ. ಜೇನು ಬೆರೆಸಿದ ನೀರು ಒಂದು ತೊಟ್ಟು, ಹುಳು ಅರ್ಧ, ಹತ್ತಿಗೆ ಒದ್ದೆ. ಎರಡನೇ ವಾರ ಭೂತಗನ್ನಡಿ ಹಿಡಿದು ಕೂತೆ. ಸಣ್ಣವು ಇಡೀ ದಿನ ಮರಿಗಳನ್ನು ನೆಕ್ಕಿ, ಹೊತ್ತು, ಜಾಗ ಬದಲಾಯಿಸಿ ದಣಿಯುತ್ತವೆ. ದೊಡ್ಡ ತಲೆಯವು ಪಕ್ಕದಲ್ಲಿ ನಿಂತು ನೋಡುತ್ತವೆ. ನಾನು ಕೆಲಸ ಮಾಡಿದ ಕಟ್ಟಡಗಳಲ್ಲೆಲ್ಲ ಹೀಗೇ ಇತ್ತು. ಅವಕ್ಕೆ ಮೇಸ್ತ್ರಿಗಳು ಅಂತ ಹೆಸರಿಟ್ಟೆ. ಮೂರನೇ ವಾರ ನನ್ನ ಕಣ್ಣು ಅವುಗಳ ಮನೆಯ ಮೇಲೆ ಬಿತ್ತು. ಪ್ಲಾಸ್ಟಿಕ್ ಡಬ್ಬಿ! ಒಳಗೆ ಸುಣ್ಣದಂಥ ಪ್ಲಾಸ್ಟರು! ಹೆಸರು ಬಡಗಿ, ಇರುವುದು ಬಡಗಿಯ ಮನೆಯಲ್ಲಿ, ಮಲಗುವುದು ಪ್ಲಾಸ್ಟಿಕ್ಕಿನಲ್ಲಿ. ನನಗೆ ಅವಮಾನವಾಯಿತು ಮಗಳೇ. ಯಾರಿಗೆ ಅಂತ ಕೇಳಬೇಡ, ಆಯಿತು.

ಆರು ದಿನ ಕೂತು ತೇಗದಲ್ಲಿ ಒಂದು ಪೆಟ್ಟಿಗೆ ಮಾಡಿದೆ. ಒಂದೇ ಒಂದು ಮೊಳೆಯಿಲ್ಲ, ಎಲ್ಲ ಕಚ್ಚು ಹಾಕಿ ಕೂರಿಸಿದ್ದು. ಹದಿನಾಲ್ಕು ಕೋಣೆ, ಮೇಲೆ ಗಾಜು, ರಾಣಿಗೆ ಸ್ವಲ್ಪ ಎತ್ತರದ ಸೂರು. ಇರುವೆ ಹತ್ತಿ ಹೊರಬರದಂತೆ ಡಬ್ಬಿಯ ಬಾಯಿಯ ಅಂಚಿಗೆ ಎಣ್ಣೆ ಸವರಬೇಕು ಅನ್ನುವ ನಿನ್ನ ನಾಲ್ಕನೇ ಸೂಚನೆಯನ್ನು ಬಿಟ್ಟೆ, ನನ್ನ ಪೆಟ್ಟಿಗೆಯಲ್ಲಿ ಕೂದಲು ತೂರುವ ಸಂದಿಯೂ ಇರಲಿಲ್ಲ. ‘ಇವು ಬಿಸಿ ಸೀಮೆಯ ಇರುವೆ, ಇವಕ್ಕೆ ಚಳಿಗಾಲದ ನಿದ್ದೆಯಿಲ್ಲ, ವರ್ಷವಿಡೀ ಬೆಚ್ಚಗಿರಬೇಕು’ ಅನ್ನುವ ಏಳನೆಯದನ್ನೂ ಬಿಟ್ಟೆ; ನಿನ್ನ ಕರೆಂಟಿನ ಬಿಸಿ ಪಟ್ಟಿಯ ಮೇಲಿಟ್ಟರೆ ಮರ ಸೊಟ್ಟಗಾಗುತ್ತದೆ. ಇನ್ನೂ ಒಂದು ತಪ್ಪೊಪ್ಪಿಕೊಳ್ಳುತ್ತೇನೆ. ಹಿಂಬದಿಯ ಹಲಗೆಗೆ ತೇಗ ಸಾಲಲಿಲ್ಲ. ಗೋಡೆ ಕಡೆಗಿರುವುದನ್ನು ಯಾರು ನೋಡುತ್ತಾರೆ ಅಂತ ಪ್ಯಾಕಿಂಗ್ ಪೆಟ್ಟಿಗೆಯ ಮೆದು ಮರ ಹಾಕಿದೆ. ನಲವತ್ತು ವರ್ಷದಲ್ಲಿ ಯಾವ ಗಿರಾಕಿಯೂ ಹಿಂಬದಿ ನೋಡಿರಲಿಲ್ಲ. ಇವು ನೋಡಿದವು.

ಇರುವೆಗಳನ್ನು ಅದಕ್ಕೆ ಬಿಟ್ಟ ಒಂಬತ್ತು ದಿನಕ್ಕೆ ಪೆಟ್ಟಿಗೆ ಖಾಲಿ. ಹಿಂದೆ ಒಂದು ಚಿಟಿಕೆ ಮರದ ಹುಡಿ, ಹಲಗೆಯಲ್ಲಿ ಒಂದು ತೂತು. ಎಷ್ಟು ದುಂಡಗಿತ್ತು ಗೊತ್ತಾ, ಬೈಯಬೇಕು ಅಂತ ಹೋದವನು ಐದು ನಿಮಿಷ ಅದನ್ನೇ ನೋಡುತ್ತ ನಿಂತೆ. ಆಮೇಲೆ ಅರ್ಥವಾಯಿತು. ನಿನ್ನ ಎರಡು ವರ್ಷದ ಸಂಸಾರ, ನೂರೈವತ್ತು ತಲೆ, ರಾಣಿ ಸಮೇತ ಗುಳೆ ಹೋಗಿತ್ತು. ಹೊಟ್ಟೆಯ ಮೇಲೆ ತೆವಳಿ ಮನೆಯೆಲ್ಲ ಹುಡುಕಿದೆ. ಸಕ್ಕರೆ ಡಬ್ಬದಲ್ಲಿ ಒಂದು ಮೇಸ್ತ್ರಿ ಸಿಕ್ಕಿದ. ಅವನನ್ನು ಬಿಟ್ಟು ಹಿಂದೆಯೇ ಹೋದೆ. ಗೋಡೆ ಅಂಚಿನಲ್ಲಿ ನಡೆದು, ಮೇಜು ಹತ್ತಿ, ಸೀದಾ ನನ್ನ ಹಳೇ ರೇಡಿಯೋದ ಹಿಂದೆ ನುಗ್ಗಿದ. ಮರದ ಕವಚ, ಒಳಗೆ ಕತ್ತಲೆ, ದಿನಾ ಸಂಜೆ ಎರಡು ಗಂಟೆ ಹೊತ್ತು ಹಾಕಿದರೆ ರಾತ್ರಿ ಬಹಳ ಹೊತ್ತು ಆರದ ವಾಲ್ವಿನ ಕಾವು. ನಾನು ಕೊಡದಿದ್ದದ್ದೆಲ್ಲ ಅಲ್ಲಿತ್ತು.

ಅಲ್ಲಿಂದ ನಾಲ್ಕು ದಿನ ನನ್ನ ಪಾಡು ಕೇಳಬೇಡ. ರೇಡಿಯೋ ಹೆಚ್ಚು ಹೊತ್ತು ಹಾಕಿದರೆ ಎಲ್ಲಿ ಬೆಂದುಹೋಗುತ್ತವೋ ಅಂತ ಭಯ, ಆರಿಸಿದರೆ ಚಳಿಗೆ ಸಾಯುತ್ತವೋ ಅಂತ ಭಯ. ಗಂಟೆಗೆ ಹತ್ತು ನಿಮಿಷ ಹಾಕುವುದು, ಆರಿಸುವುದು, ಕವಚಕ್ಕೆ ಕಿವಿ ಇಟ್ಟು ಕೇಳುವುದು. ಬೆರಳಲ್ಲಿ ತಟ್ಟಿದರೆ ಒಳಗಿನಿಂದ ಅವೂ ಟಕಟಕ ಅನ್ನುತ್ತವೆ, ಕೇಳಿದ್ದೀಯಾ? ಇದೇ ಹೊತ್ತಿಗೆ ಎದುರುಮನೆಯ ಟೀಚರಮ್ಮ ಬಂದರು. ಆರಿಸಿದ ರೇಡಿಯೋಗೆ ಕಿವಿ ಆನಿಸಿ ನಗುತ್ತಿರುವ ನನ್ನನ್ನು ನೋಡಿ, “ಏನು ಬರ್ತಾ ಇದೆ?” ಅಂತ ಮೆಲ್ಲಗೆ ಕೇಳಿದರು. “ಇವತ್ತು ಗಲಾಟೆ ಕಮ್ಮಿ” ಅಂದೆ. ಸಂಜೆಯೊಳಗೆ ಅವರು ನಿನ್ನ ಗಂಡನಿಗೆ ಒಬ್ಬ ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟಿದ್ದರು.

ನಿನ್ನ ಗಂಡನಿಗಾಗಲೇ ಸಾಕಾಗಿತ್ತು. ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬರ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುವಾಗ ಇವನ ಕಾಲರಿನಿಂದ ಒಂದು ಮೇಸ್ತ್ರಿ ಇಳಿದು ಅದೇ ಕನ್ನಡಕದ ಮೇಲೆ ನಡೆದನಂತೆ. “ತುಂಬಾ ಚೆನ್ನಾಗಿ ಕಾಣ್ತಿದೆ” ಅಂತ ಆ ಗಿರಾಕಿ ಕಿರುಚಿದರಂತೆ. ನನಗೆ ಹೇಳದೆ ಕೇಳದೆ ಔಷಧಿ ಹೊಡೆಯುವವನಿಗೆ ಫೋನ್ ಮಾಡಿಬಿಟ್ಟ.

ನನಗಿದೊಂದೂ ಗೊತ್ತಿಲ್ಲ. ನಾನು ಅವತ್ತೇ ಬೆಳಿಗ್ಗೆ ನಿನ್ನ ಚೀಟಿಯನ್ನು ಮೊದಲಿಂದ ಓದಿ, ಈ ಸಲ ಒಂದಕ್ಷರ ಬಿಡದೆ ಕೆಲಸ ಶುರುಮಾಡಿದ್ದೆ. ಅಲ್ಲಿ ಬೆಳಕೂ ಚಳಿಯೂ ಆಗಿ ಅವು ಹೊರಡಲಿ ಅಂತ ರೇಡಿಯೋ ಆರಿಸಿ ಕಿಟಕಿಯ ಪರದೆ ಸರಿಸಿ ದೀಪವನ್ನೂ ಅದರ ಮೇಲೇ ತಿರುಗಿಸಿದೆ. ಪಕ್ಕದಲ್ಲಿ ನಿನ್ನ ಪ್ಲಾಸ್ಟಿಕ್ ಡಬ್ಬಿ. ಕೆಳಗೆ ಬಿಸಿ ಪಟ್ಟಿ, ಒಳಗೆ ಒದ್ದೆ, ಮೇಲೆ ಅವಕ್ಕೆ ಕತ್ತಲೆಯಂತೆ ಕಾಣುವ ಕೆಂಪು ಹಾಳೆ. ನಡುವೆ ಒಂದು ಮರದ ಪಟ್ಟಿಯ ಸೇತುವೆ. ಮರಳುಕಾಗದದಲ್ಲಿ ಉಜ್ಜಿದೆ, ಕಾಲಿಗೆ ಸಿಬಿರು ಚುಚ್ಚಬಾರದಲ್ಲ. ಒಂದು ಗಂಟೆ ಏನೂ ಇಲ್ಲ. ಆಮೇಲೆ ಒಂದು ಸಣ್ಣದು ಬಂದು ಸೇತುವೆ ದಾಟಿ ಡಬ್ಬಿ ನೋಡಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಸಾಲು ಶುರು. ಬಾಯಲ್ಲಿ ಮರಿ, ಬಾಯಲ್ಲಿ ಮರಿ ಸುತ್ತಿಕೊಂಡ ಗೂಡು. ಸೋಮಾರಿಗಳನ್ನು ಎತ್ತಿಕೊಂಡೇ ಬಂದವು.

ಆಗ ಕರೆಗಂಟೆ ಸದ್ದಾಯಿತು. ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಕೈಯಲ್ಲಿ ಕೊಳವೆ ಹಿಡಿದುಕೊಂಡು ಔಷಧಿಯವನು. “ಇರುವೆ ಇದೆಯಂತಲ್ಲ?” ಅಂದ. “ಯಾವ ಇರುವೆ?” ಅಂದೆ. “ನಿಮ್ಮ ಹುಬ್ಬಿನ ಮೇಲಿದೆ ಯಜಮಾನರೇ.” “ಅದು ಸಾಕಿದ್ದು” ಅಂದೆ. ಬೇರೇನೂ ಹೊಳೆಯಲಿಲ್ಲ. ಅವನು ಒಳಗೆ ಕಾಲಿಡಲು ನೋಡಿದ, ನಾನು ಬಾಗಿಲಿಗೆ ಅಡ್ಡ ನಿಂತೆ. ಈ ಮಂಡಿ ಇಟ್ಟುಕೊಂಡು, ಈ ವಯಸ್ಸಿನಲ್ಲಿ, ಮರ ಕೊರೆಯುವ ಹುಳುವಿಗಾಗಿ! ಅವನ ಪಂಪಿನ ಮರದ ಹಿಡಿ ಸೀಳಿದ್ದು ಕಣ್ಣಿಗೆ ಬಿತ್ತು. “ಇದರಲ್ಲಿ ಹೊಡೆದರೆ ನಿನ್ನ ಕೈಗೇ ಔಷಧಿ ಇಳಿಯುತ್ತೆ, ಕೊಡು ಇಲ್ಲಿ” ಅಂತ ಕಸಿದುಕೊಂಡು ಮೆಟ್ಟಿಲ ಮೇಲೇ ಕೂತು ಹೊಸ ಹಿಡಿ ಕೆತ್ತಿ ಕೂರಿಸಿದೆ. ಹಾಲಾಹಲಕ್ಕೆ ಹಿಡಿ ಮಾಡಿಕೊಟ್ಟ ಬಡಗಿ ನಾನೊಬ್ಬನೇ ಇರಬೇಕು. ಅವನು ಬಂದ ಕೆಲಸ ಮರೆತು ಸಂತೋಷವಾಗಿ ಮುಂದಿನ ಬೀದಿಗೆ ಹೋದ.

ನಾನು ಹಿಡಿ ಕೆತ್ತುವಾಗಲೇ ನಿನ್ನ ಗಂಡನೂ ಟೀಚರಮ್ಮನೂ ನನ್ನನ್ನು ದಾಟಿ ಒಳಗೆ ಹೋಗಿದ್ದರು; ನಾನು ಬಂದಾಗ ಅವನು ಸ್ಟೂಲಿನ ಮೇಲೆ ನಿಂತಿದ್ದ. ಟೀಚರಮ್ಮ ನೆಲದ ಮೇಲೆ ಕೂತು ಸಾಲು ನೋಡುತ್ತಿದ್ದರು. ರಾಣಿ ಮಾತ್ರ ಹೊರಗೆ ಬಂದಿರಲಿಲ್ಲ. ಸಾಲು ತೆಳ್ಳಗಾಯಿತು, ನಿಂತೇ ಹೋಯಿತು. ನಿನಗೆ ಏನಂತ ಬರೆಯಲಿ ಅಂತ ಮನಸ್ಸಿನಲ್ಲೇ ಕಾಗದ ಬರೆಯತೊಡಗಿದೆ. ಸಂಜೆ ನಾಲ್ಕೂವರೆಗೆ ರೇಡಿಯೋ ಅಂಚಿನಲ್ಲಿ ಅವಳ ತಲೆ ಕಂಡಿತು. ಎರಡು ಮೇಸ್ತ್ರಿಗಳು ಮುಂದೆ, ಸಣ್ಣವು ಹಿಂದಿನಿಂದ ತಳ್ಳುತ್ತಿದ್ದವು. ಅಷ್ಟು ದೊಡ್ಡ ಹೊಟ್ಟೆ ಹೊತ್ತು ಸೇತುವೆಯ ಮೇಲೆ ಕಾಲಿಟ್ಟು ನಿಂತುಬಿಟ್ಟಳು. “ಬನ್ನಿ ತಾಯಿ, ಬನ್ನಿ, ಜಾರಲ್ಲ” ಅಂತ ನನ್ನ ಬಾಯಿಂದ ತಾನಾಗಿ ಬಂತು. ನಿನ್ನ ಗಂಡ ಯಾವಾಗ ಸ್ಟೂಲು ಇಳಿದನೋ, ನನ್ನ ಪಕ್ಕ ಮಂಡಿಯೂರಿದ್ದ. ಅವಳು ಒಳಗೆ ಹೋದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಹನ್ನೊಂದು ಇರುವೆಗಳ ಲೆಕ್ಕ ಸಿಕ್ಕಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಉಳಿದವು ಸುಖ. ಹೊಸ ಮೊಟ್ಟೆಗಳೂ ಕಾಣುತ್ತಿವೆ.

ಚೆನ್ನಾಗಿರು, ಹೊಟ್ಟೆ ತುಂಬ ತಿನ್ನು, ಕೈ ಹುಷಾರು. ಟೀಚರಮ್ಮ ನೆನಪು ಹೇಳಿದ್ದಾರೆ. ಡಾಕ್ಟರ ವಿಳಾಸ ವಾಪಸು ಪಡೆದಿದ್ದಾರೆ.

ನಿನ್ನ ಒಳಿತನ್ನೇ ಬಯಸುವ,
ಮಾವ

ತಾ.ಕ.: ಅಸಲು ಮಾತು ಈಗ. ಲಕೋಟೆಗೆ ಅಂಟು ಹಚ್ಚುವಾಗ ನಿನ್ನ ಗಂಡ ಬಾಯಿ ಬಿಟ್ಟ. ನೀನು ಮಾಡಿದ ಮೊದಲ ಕಾಲು ಅದನ್ನು ತೊಟ್ಟ ಹೆಂಗಸಿಗೆ ಹೊಂದಲಿಲ್ಲವಂತೆ, ಎರಡೇ ಹೆಜ್ಜೆಗೆ ಬಿಚ್ಚಿಟ್ಟರಂತೆ. ಮಾವನಿಗೂ ಮಂಡಿ ನೋವು, ಇರುವೆ ನೋಡಿಕೊಳ್ಳುವವರಿಲ್ಲ ಅಂತ ನೆಪ ಹೇಳಿ ನೀನು ಚೀಲ ಕಟ್ಟುತ್ತಿದ್ದೀಯಂತೆ. ಆ ಚೀಲ ಬಿಚ್ಚು. ನಾನು ಮಾಡಿದ ಮೊದಲ ಬಾಗಿಲು ಮುಚ್ಚಲೇ ಇಲ್ಲ. ಆ ಮನೆಯವರು ಎಂಟು ದಿನ ಅದಕ್ಕೆ ಮೇಜು ಒತ್ತಿಟ್ಟು ಬಾಳಿದರು, ನಾನು ನಾಚಿಕೆಯಿಂದ ಆ ಬೀದಿಯನ್ನೇ ಬಿಟ್ಟಿದ್ದೆ. ಕಡೆಗೆ ಮನೆಯಾಕೆ ತಾನೇ ಹುಡುಕಿಕೊಂಡು ಬಂದು, “ಎಲ್ಲಿ ಹಿಡಿಯುತ್ತೆ ಅಂತ ನಾನು ತೋರಿಸ್ತೀನಿ, ನೀನು ಕೀಸು” ಅಂದಳು. ನೀನೂ ಆ ಹೆಂಗಸನ್ನೇ ಕೇಳು ಮಗಳೇ, ಎಲ್ಲಿ ನೋಯುತ್ತದೆ ಅಂತ. ಅಂಚೆಯವನು ಕೆಳಗೆ ಗಂಟೆ ಹೊಡೆಯುತ್ತಿದ್ದಾನೆ, ಇಷ್ಟೇ: ಆಕೆ ನಡೆದುಕೊಂಡು ತನ್ನ ಮನೆಗೆ ಹೋಗಲಿ, ಆಮೇಲೆ ನೀನು ನಿನ್ನ ಮನೆಗೆ ಬಾ.